ಬಿಳಿಗಣ್ಣಿ ಬಂದಳು

ಅಕ್ಕುಬಾಯಿಯ ಹುಂಜ ಕೂಗುವುದಿಲ್ಲ ಎಂದು ಒಂದು ವರ್ಷ ನಮ್ಮ ಊರಿಗೆ ಊರೇ ಒಪ್ಪಿಕೊಂಡಿತ್ತು. ಹುಂಜ ಮಾತ್ರ ನಸುಕಿಗೇ ಎದ್ದು ಗಂಟಲು ಹರಿಯುವ ಹಾಗೆ ಕೂಗುತ್ತಿತ್ತು. ಆಚೆಮನೆ ಈಚೆಮನೆಯವರು ಕಣ್ಣುಜ್ಜಿಕೊಂಡು ಎದ್ದು ಕೂತು, "ಈ ಹಾಳು ಹುಂಜ" ಎಂದು ಶುರುಮಾಡಿದರೆ ಮುಂದಕ್ಕೆ ನಾಲಿಗೆ ಹೊರಳುತ್ತಿರಲಿಲ್ಲ. "ಈ ಹಾಳು ಹುಂಜ ಕೂಗೂದೇ ಇಲ್ಲ ಮಾರಾಯ್ರೆ" ಎಂದೇ ಮುಗಿಸಬೇಕಾಗಿತ್ತು. ಏಕೆಂದರೆ ಆ ವರ್ಷ ಬಿಳಿಗಣ್ಣನನ್ನು ಮೊದಲು ಕಂಡವಳು ಅಕ್ಕುಬಾಯಿ. ನಮ್ಮ ಊರಿನಲ್ಲಿ ಮೊದಲು ಕಂಡವರ ಮಾತು ಮುಂದಿನ ವರ್ಷ ಬಿಳಿಗಣ್ಣ ಮತ್ತೆ ಕಾಣಿಸುವವರೆಗೆ ನಡೆಯುತ್ತದೆ. ಅದಕ್ಕೆ ಎದುರಾಡಲು ಯಾರ ಬಾಯಿಗೂ ಬರುವುದಿಲ್ಲ, ಬರೆಯಲು ಹೋದರೆ ಕೈ ಸೆಟೆದುಕೊಳ್ಳುತ್ತದೆ. ಹುಂಜದ ವಿಷಯದಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕಿದ್ದೆ. ಈಗ ನೆನೆಸಿಕೊಂಡರೆ ಆ ನಗುವಿನ ಮೇಲೂ ಸಿಟ್ಟು ಬರುತ್ತದೆ.

ಬಿಳಿಗಣ್ಣ ಎಂದರೆ ಶಾಲೆಯ ಪುಸ್ತಕದಲ್ಲಿ ಕೊಲೆಗಾರ ತಿಮಿಂಗಿಲ ಎಂದು ಬರೆದಿರುವುದು. ಅದು ಮೀನಲ್ಲ, ಮರಿಗೆ ಹಾಲೂಡುವ ಪ್ರಾಣಿ ಎಂದು ಮಾಸ್ತರರು ಹೇಳುತ್ತಾರೆ. ಮೈಯೆಲ್ಲ ಕಪ್ಪು, ಕಣ್ಣಿನ ಹಿಂದೆ ಮೊರದಗಲದ ಬಿಳಿ ಮಚ್ಚೆ. ಮಳೆಗಾಲ ಮುಗಿದು ಬಂಗುಡೆ ಮೀನು ದಡದ ಕಡೆಗೆ ಬರುವ ಹೊತ್ತಿಗೆ ಅದರ ಹಿಂದೆಯೇ ಇವು ಹಿಂಡಾಗಿ ಬರುತ್ತವೆ. ಆ ದಿನಗಳಲ್ಲಿ ನಮ್ಮೂರಿನಲ್ಲಿ ಯಾರೂ ಎದುರಿನವರ ಮುಖ ನೋಡಿ ಮಾತಾಡುವುದಿಲ್ಲ, ಎಲ್ಲರ ಕಣ್ಣೂ ಕಡಲ ಮೇಲೆ. ಕ್ಷೌರದ ಅಂಗಡಿಯವನು ಕುರ್ಚಿಯನ್ನು ಕಡಲ ಕಡೆ ತಿರುಗಿಸುತ್ತಾನೆ, ಗಿರಾಕಿಗಳ ಕಿವಿ ಕುಯ್ಯುತ್ತಾನೆ. ಆಳೆತ್ತರದ ಕಪ್ಪು ರೆಕ್ಕೆ ನೀರಿನಿಂದ ಎದ್ದದ್ದು ಕಂಡಕೂಡಲೇ "ಬಂದ" ಎಂದು ಕೂಗಬೇಕು, ಕೂಗಿದ ಮೇಲೆ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಗುರಿಕಾರರ ಜಗಲಿಯವರೆಗೆ ಹೋಗಬೇಕು. ಗುರಿಕಾರರೆಂದರೆ ನಮ್ಮ ಕೇರಿಯ ಯಜಮಾನರು, ಸಂಜೀವಜ್ಜ. ಜಗಲಿ ಹತ್ತಿ, ಎಲ್ಲರ ಎದುರು ಬೇಕಾದ ಒಂದು ಮಾತು ಹೇಳಬೇಕು. ಕೂಗಿದ ಮೇಲೆ ಬಾಯಿಂದ ಹೊರಬೀಳುವ ಮೊದಲ ಮಾತೇ ವರ್ಷದ ಮಾತು. ಹಿಂದೊಮ್ಮೆ ಪದ್ದು ಎಂಬವನು ದಾರಿಯಲ್ಲಿ ಎಡವಿ "ಅಯ್ಯೋ ನನ್ನ ಕಾಲು ಮುರೀತು" ಅಂದುಬಿಟ್ಟ. ಪಾಪ, ನೆಟ್ಟಗಿದ್ದ ಕಾಲಿಗೆ ಊರವರೆಲ್ಲ ವರ್ಷವಿಡೀ ಮರುಕಪಟ್ಟರು. ಕೊನೆಗೆ ಅವನಿಗೇ ಮುಜುಗರವಾಗಿ ಕುಂಟತೊಡಗಿದ.

ಕಳೆದ ವರ್ಷ ಕಂಡವನು ಅಚ್ಯುತ ಧಣಿ. ಅವನು ಮೂರು ಬೋಟುಗಳ ಒಡೆಯ, ಎರಡಂತಸ್ತಿನ ಮನೆಯವನು, ಟೆರೇಸಿನ ಮೇಲೆ ಕೊಡೆ ಬಿಡಿಸಿಟ್ಟು ದುರ್ಬೀನು ಹಿಡಿದು ಕೂರುವವನು. ಅವನು ಜಗಲಿ ಹತ್ತಿ ಕೆಮ್ಮಿ ಗಂಟಲು ಸರಿಮಾಡಿಕೊಂಡು ಹೇಳಿದ ಮಾತು ಎರಡೇ ಪದದ್ದು. "ಶೀನ ಕುಡಿದಿದ್ದ."

ಶೀನ ನನ್ನ ಗಂಡ. ಧಣಿಯ ದೊಡ್ಡ ಬೋಟಿನ ಚುಕ್ಕಾಣಿ ಹಿಡಿಯುತ್ತಿದ್ದ. ಮಳೆಗಾಲ ಕಳೆದು ಮೊದಲ ಸಲ ಕಡಲಿಗಿಳಿದ ದಿನವೇ ಆ ಬೋಟು ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ಒಡೆದುಹೋಯಿತು. ಬೋಟಿನಲ್ಲಿ ಇದ್ದವರು ಇಬ್ಬರೇ, ಶೀನ ಮತ್ತು ಅವನ ಜೊತೆ ದುಡಿಯುವ ಹುಡುಗ ಚಂದು. ಚಂದು ಈಜಿಕೊಂಡು ಬಂದ, ಶೀನ ಬರಲಿಲ್ಲ. ಬೋಟು ಯಾಕೆ ಒಡೆಯಿತು ಎಂಬುದು ನನಗೆ ಗೊತ್ತು, ಚಂದುವಿಗೆ ಗೊತ್ತು, ಧಣಿಗಂತೂ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಹೊರಡುವ ಹಿಂದಿನ ದಿನ ಶೀನ ನನ್ನನ್ನು ಕರೆದುಕೊಂಡು ಹೋಗಿ ಬೋಟಿನ ಅಡಿಯ ಹಲಗೆ ತೋರಿಸಿದ್ದ. ಹೆಬ್ಬೆರಳು ಒತ್ತಿದರೆ ನೆನೆದ ಅವಲಕ್ಕಿಯ ಹಾಗೆ ಒಳಗೆ ಹೋಗುತ್ತಿತ್ತು. ಧಣಿಗೆ ಹೇಳಿದಾಗ, "ಈ ಸಲಕ್ಕೆ ಡಾಂಬರು ಬಳಿ, ಮುಂದಿನ ಸಲ ನೋಡುವ" ಅಂದನಂತೆ. ಶೀನ ಕುಡಿಯುತ್ತಲೇ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಕುಡಿಯುತ್ತಿದ್ದ, ಭಾನುವಾರ ಕುಡಿದು ನನ್ನ ಅಡುಗೆಯನ್ನು ಹೊಗಳುತ್ತಿದ್ದ. ಆದರೆ ಚುಕ್ಕಾಣಿ ಹಿಡಿಯುವ ದಿನ ಎಲೆಅಡಿಕೆಯನ್ನು ಕೂಡ ಬಾಯಿಗೆ ಹಾಕುತ್ತಿರಲಿಲ್ಲ.

ಧಣಿ ಆ ಎರಡು ಪದ ಹೇಳಿದ ಗಳಿಗೆಯಲ್ಲಿ ನಾನು ಜಗಲಿಯ ಕೆಳಗೇ ನಿಂತಿದ್ದೆ. "ಸುಳ್ಳು, ಅವರು ಕುಡಿದಿರಲಿಲ್ಲ" ಎಂದು ಕಿರುಚಲು ಬಾಯಿ ತೆರೆದೆ. "ಅವರು ಕುಡಿದಿದ್ರು" ಎಂದು ನನ್ನ ಬಾಯೇ ಹೇಳಿತು, ನನ್ನದೇ ದನಿಯಲ್ಲಿ. ಆ ದಿನ ನನ್ನ ಬಾಯನ್ನು ನಾನೇ ಹೊಡೆದುಕೊಂಡೆ. ತುಟಿ ಒಡೆದು ರಕ್ತ ಬಂತು.

ಈ ಮಾತಿಗೆ ಬೇರೆ ಬೆಲೆಯೂ ಇತ್ತು. ಬಿಳಿಗಣ್ಣ ಕಂಡ ಮೇಲೆ ಬರುವ ಹುಣ್ಣಿಮೆಯ ಬೆಳಿಗ್ಗೆ ನಮ್ಮಲ್ಲಿ ಹೆಸರು ಕರೆಯುತ್ತಾರೆ. ಕಡಲಲ್ಲಿ ಹೋದವರ ಜೊತೆ ದುಡಿದವರು ಒಂದು ದೋಣಿಯಲ್ಲಿ ಅಲೆ ದಾಟಿ ಹೋಗಿ, ಹೋದವರ ಹೆಸರನ್ನು ಗಟ್ಟಿಯಾಗಿ ಕರೆಯಬೇಕು. ದಡದಲ್ಲಿ ನಿಂತ ಊರು ಸತ್ತವರ ಪರವಾಗಿ "ಓ" ಎನ್ನಬೇಕು. ಒಂದು ಸಲವಾದರೂ ಹಾಗೆ ಕರೆದು ಓಗೊಟ್ಟರೆ ಆ ಜೀವ ಮನೆ ಸೇರಿದ ಹಾಗೆ, ಇಲ್ಲದಿದ್ದರೆ ನೀರಿನಲ್ಲೇ ಅಲೆಯುತ್ತದೆ. ಕುಡಿದು ಬೋಟು ಮುಳುಗಿಸಿದವನ ಹೆಸರನ್ನು ಮಾತ್ರ ಕರೆಯುವುದಿಲ್ಲ. ಕಳೆದ ವರ್ಷ ಶೀನನ ಹೆಸರು ಬಿಟ್ಟರು. ಅಳಿವೆಯ ಬಾಯಲ್ಲಿ ಅಲೆಯುತ್ತಿರುವ ಗಂಡನನ್ನು ಇಟ್ಟುಕೊಂಡು ನಾನು ವರ್ಷವಿಡೀ ಅದೇ ದಡದಲ್ಲಿ ಮೀನು ಕೊಂಡು, ಬುಟ್ಟಿ ಹೊತ್ತು, ಮಾರಿದೆ.

ಎಲ್ಲರೂ ನನ್ನ ಬಗ್ಗೆ ಕನಿಕರದಿಂದಲೇ ಇದ್ದರು. ಅದು ಬೇರೆ. "ನಮಗೆ ಗೊತ್ತುಂಟು ಗುಲಾಬಿ, ಆದ್ರೆ ಎಂತ ಮಾಡ್ಲಿಕ್ಕೆ ಆಗ್ತದೆ, ನಾಲಿಗೆ ಕಟ್ಟಿದೆಯಲ್ಲ" ಎನ್ನುವರು. ಚಂದು ಅಂತೂ ಶೀನನನ್ನು ಅಣ್ಣ ಅಣ್ಣ ಎಂದೇ ಬೆಳೆದವನು. ಮೊದಮೊದಲು ದಿನಾ ಮನೆಗೆ ಬರುತ್ತಿದ್ದ. ಹೊಸ್ತಿಲ ಮೇಲೆ ಕೂತು, "ಅತ್ತಿಗೆ, ನಂಗೆ ಹೇಳ್ಬೇಕೂಂತ ಉಂಟು, ಬಾಯಿ ಬರೂದಿಲ್ಲ" ಎಂದು ಅಳುತ್ತಿದ್ದ. ತಾಲೂಕಿನಿಂದ ವಿಚಾರಣೆಗೆ ಬಂದ ಸಾಹೇಬರ ಮುಂದೆಯೂ ಅವನು "ಕುಡಿದಿದ್ದ" ಎಂದೇ ಹೇಳಿದ. ನಾನು ಅವನ ಮೇಲೆ ಬೇಸರ ಮಾಡಿಕೊಳ್ಳಲಿಲ್ಲ. ಕಟ್ಟಿದ ನಾಲಿಗೆಯ ಮೇಲೆ ಏನು ಬೇಸರ? ನಾನೂ ಅದನ್ನೇ ಹೇಳುತ್ತಿದ್ದೆನಲ್ಲ. ಆ ಅಳುವವನಿಗೆ ನಾನೇ ಚಹಾ ಮಾಡಿ ಕೊಟ್ಟೆ, ಸಕ್ಕರೆ ಹೆಚ್ಚು ಹಾಕಿ.

ಈ ವರ್ಷ ಮಳೆ ಹಿಂದೆಗೆದ ಕೂಡಲೇ ನಾನು ಬುಟ್ಟಿ ಕವುಚಿಟ್ಟು ಅಳಿವೆಯ ಬಂಡೆಯ ಮೇಲೆ ಹೋಗಿ ಕೂತೆ. ಒಣಮೀನು ಮತ್ತು ಗಂಜಿಯಲ್ಲಿ ದಿನ ತಳ್ಳಿದೆ. ದಾರಿಯಲ್ಲಿ ಹೋಗುವವರು, "ಎಂತ ಗುಲಾಬಿ, ಕಡಲನ್ನೇ ಉಣ್ತೀಯಾ?" ಎಂದು ಚೇಷ್ಟೆ ಮಾಡುವರು. ನಾನು ತಿರುಗಿ ನೋಡುತ್ತಿರಲಿಲ್ಲ. ತಿರುಗಿದ ಗಳಿಗೆಯಲ್ಲೇ ರೆಕ್ಕೆ ಎದ್ದರೆ? ಧಣಿ ಎದುರುಗಡೆ ಟೆರೇಸಿನ ಮೇಲೆ ದುರ್ಬೀನಿನಲ್ಲಿ ಕಡಲನ್ನು ನೋಡುತ್ತಿದ್ದ, ನಡುನಡುವೆ ನನ್ನನ್ನೂ ನೋಡುತ್ತಿದ್ದ. ಇನ್ನೊಂದು ವರ್ಷ ಅದೇ ಮಾತು ನಡೆಸಬೇಕೆಂದು ಅವನಿಗೆ ಇತ್ತು. ನನ್ನ ಮಾತು ತಯಾರಾಗಿತ್ತು. ಬಾಯಲ್ಲಿ ಹೇಳಲಾಗದ್ದನ್ನು ಹೊಟ್ಟೆಯೊಳಗೆ ಇಟ್ಟುಕೊಂಡು ದಿನಾ ತಿರುವಿಹಾಕುತ್ತಿದ್ದೆ. ಶೀನ ಕುಡಿದಿರಲಿಲ್ಲ. ಅಷ್ಟೇ.

ಅವತ್ತು ಬೆಳಿಗ್ಗೆ ಬಿಸಿಲೇರುವ ಮುಂಚೆ, ಪುಸ್ತಕದಲ್ಲಿ ಡಾಲ್ಫಿನ್ ಎನ್ನುವ ಕಡಲಹಂದಿಗಳು ದಡಕ್ಕೆ ಒತ್ತಿಕೊಂಡು ಓಡಿಬಂದವು. ಎಂದಿನ ಹಾಗೆ ನೆಗೆದಾಡುತ್ತಿರಲಿಲ್ಲ, ಸದ್ದಿಲ್ಲದೆ ಅಳಿವೆಯೊಳಗೆ ನುಗ್ಗಿದವು. ಅವುಗಳನ್ನು ಅಟ್ಟಿಕೊಂಡು ಬರುವುದು ಒಂದೇ. ನಾನು ಎದ್ದು ನಿಂತೆ. ಬಂಡೆಯಿಂದ ಸ್ವಲ್ಪವೇ ಆಚೆ, ಬುಸ್ ಎಂದು ಉಸಿರಿನ ನೀರು ಎದ್ದಿತು. ಅದರ ಹಿಂದೆ ರೆಕ್ಕೆ ಬಂತು. ಗಂಡಿನದ್ದರ ಹಾಗೆ ಆಳೆತ್ತರದ್ದಲ್ಲ, ಮೊಳಕ್ಕಿಂತ ತುಸು ದೊಡ್ಡದು, ಕುಡುಗೋಲಿನ ಹಾಗೆ ಹಿಂದಕ್ಕೆ ಬಾಗಿದ್ದು. ಹೊರಳಿದಾಗ ಬಿಳಿ ಮಚ್ಚೆ ಕಂಡಿತು. ಹೆಣ್ಣು. ಹಿಂಡಿನ ಮುಂದೆ ಯಾವಾಗಲೂ ಮುದಿ ಹೆಣ್ಣೇ ಬರುತ್ತದೆ, ಗಂಡು ಹಿಂದೆ ಬರುತ್ತದೆ. ಇದು ಕಡಲಿಗಿಳಿಯುವವರಿಗೆಲ್ಲ ಗೊತ್ತು. ಆದರೂ ಊರವರು ದೊಡ್ಡ ರೆಕ್ಕೆಗೇ ಕಾಯುತ್ತಾರೆ, ಸಣ್ಣದು ಕಂಡರೂ ಕಾಣದವರ ಹಾಗೆ ಇರುತ್ತಾರೆ. ಕಾಯಲು ನನ್ನಿಂದ ಆಗಲಿಲ್ಲ. ಹೆಣ್ಣನ್ನು ಕಂಡು "ಬಂದ" ಎನ್ನಲೂ ಆಗಲಿಲ್ಲ. ವರ್ಷವಿಡೀ ಸುಳ್ಳು ಹೇಳಿದ ಬಾಯಿ ಅದು, ಇನ್ನೊಂದು ಸುಳ್ಳಿಗೆ ಅದನ್ನು ತೆರೆಯಲಾರೆ.

ಒಂದೇ ಉಸಿರಿಗೆ ಕೂಗಿದೆ, "ಬಿಳಿಗಣ್ಣಿ ಬಂದಳು!"

ಕೂಗಿದವಳೇ ಬಾಯಿಗೆ ಕೈ ಅಡ್ಡ ಹಿಡಿದು ಬಂಡೆ ಇಳಿದು ಓಡಿದೆ. ಜನ ಸೇರಿತು. ಬಲೆ ಬಿಟ್ಟು ಬಂದರು, ಅರ್ಧ ಬೋಳಿಸಿದ ಗಡ್ಡದಲ್ಲಿ ಬಂದರು. ನಾನು ಜಗಲಿಯ ಮೆಟ್ಟಿಲಿಗೆ ಕಾಲಿಡುವಷ್ಟರಲ್ಲಿ ಧಣಿ ಏದುಸಿರು ಬಿಡುತ್ತಾ ಬಂದು ಅಡ್ಡ ನಿಂತ, ದುರ್ಬೀನು ಕೊರಳಲ್ಲಿ ತೂಗುತ್ತಿತ್ತು.

"ಇದು ಲೆಕ್ಕಕ್ಕಿಲ್ಲ ಅಜ್ಜ," ಅಂದ. "ನಾನೂ ನೋಡಿದೆ. ಅದು ಹೆಣ್ಣು. ಗಂಡು ಇನ್ನೂ ಬರ್ಲಿಲ್ಲ."

ಸಂಜೀವಜ್ಜ ತಲೆ ಕೆರೆದುಕೊಂಡರು. "ಹೌದಲ್ಲ ಮಾರಾಯ್ತಿ. ಕೂಗು 'ಬಂದ' ಅಂತ ಇರೂದು. ನಮ್ಮ ಅಜ್ಜನ ಕಾಲದಿಂದ್ಲೂ ಹಾಗೇ. 'ಬಂದಳು' ಅಂತ ಯಾರಾದ್ರೂ ಕೂಗಿದ್ದುಂಟಾ?"

ನಾನು ಕೈ ತೆಗೆಯಲಿಲ್ಲ. ತಲೆಯಾಡಿಸಿ, ಕಡಲ ಕಡೆ ಕೈ ತೋರಿಸಿ, ದಾರಿ ಬಿಡಿ ಎಂದು ಸನ್ನೆ ಮಾಡಿದೆ. ಧಣಿ ಬಿಡಲಿಲ್ಲ. ಅವನಿಗೆ ಗೊತ್ತಿತ್ತು, ನನ್ನ ಬಾಯೊಳಗೆ ಏನಿದೆಯೆಂದು. ಕುಂಬಳಕಾಯಿ ಕಳ್ಳ ಎಂದು ಯಾರೂ ಅನ್ನುವ ಮೊದಲೇ ಹೆಗಲು ಮುಟ್ಟಿ ನೋಡಿಕೊಳ್ಳುವವನು ಅವನು. ಜನರ ಕಡೆ ತಿರುಗಿ ನಕ್ಕ. "ಹೆಣ್ಣು ಬಂದ್ರೆ ಅದು ಬಂದ ಹಾಗಾ? ನಮ್ಮನೆಗೆ ದಿನಾ ಮೀನು ಮಾರುವ ಹೆಂಗಸ್ರು ಬರ್ತಾರೆ. ಯಾರಾದ್ರೂ ಬಂದ್ರಾ ಅಂತ ಕೇಳಿದ್ರೆ ಯಾರೂ ಬರ್ಲಿಲ್ಲ ಅಂತ್ಲೇ ಹೇಳೂದು!"

ಜನ ನಕ್ಕಿತು. ಹೆಂಗಸರೂ ನಕ್ಕರು. ಅವನ ಬಾಗಿಲಿಗೆ ಇಪ್ಪತ್ತು ವರ್ಷ ಬುಟ್ಟಿ ಹೊತ್ತುಹೋದ ಹೆಂಗಸರು. ನನ್ನ ಕೈ ಯಾವಾಗ ಬಾಯಿಯಿಂದ ಜಾರಿತೋ ನನಗೆ ಗೊತ್ತಿಲ್ಲ.

"ಹೆಣ್ಣು ಬಂದ್ರೂ ಬಂದ ಹಾಗೇ!" ಅಂದೆ.

ಧಣಿ ಅಲ್ಲ ಎನ್ನಲು ಬಾಯಿ ತೆರೆದ. "ಹೆಣ್ಣು ಬಂದ್ರೆ..." ಅಂದ. ಮುಖ ಕೆಂಪಾಯಿತು. ಮತ್ತೆ ತೆರೆದ. "ಹೆಣ್ಣು ಬಂದ್ರೂ ಬಂದ ಹಾಗೇ," ಎಂದು ಅವನ ನಾಲಿಗೆಯೇ ಹೇಳಿತು. ಸಂಜೀವಜ್ಜ ಮೆಲ್ಲಗೆ ಪ್ರಯತ್ನಿಸಿ ನೋಡಿದರು, ಅವರಿಗೂ ಹಾಗೇ ಬಂತು. ಅಂದರೆ ನನ್ನ ಕೂಗು ಲೆಕ್ಕಕ್ಕೆ ಇತ್ತು. ಕಡಲು ಒಪ್ಪಿತ್ತು. ಅಳಿವೆಯ ಕಡೆಯಿಂದ ಯಾರೋ "ಬಂದ" ಎಂದು ಈಗ ಕೂಗಿದರು. ದೊಡ್ಡ ರೆಕ್ಕೆ ಎದ್ದಿರಬೇಕು. ಯಾರೂ ಆ ಕಡೆ ನೋಡಲಿಲ್ಲ.

ನಾನು ಏನು ಮಾಡಿದೆನೆಂದು ನನಗಿಂತ ಮೊದಲು ಧಣಿಗೆ ಹೊಳೆಯಿತು. ಅವನ ಮುಖ ಸಡಿಲವಾಯಿತು. "ಸರಿ ಮತ್ತೆ," ಅಂದ. "ಗುಲಾಬಿಯ ಮಾತು ಆಯ್ತಲ್ಲ. ಹೆಣ್ಣು ಬಂದ್ರೂ ಬಂದ ಹಾಗೇ. ಒಳ್ಳೇ ಮಾತು. ಎಲ್ರೂ ಮನೆಗೆ ಹೋಗಿ." ವರ್ಷವಿಡೀ ಹೊಟ್ಟೆಯಲ್ಲಿ ಇಟ್ಟುಕೊಂಡ ಮಾತು ಹೊಟ್ಟೆಯಲ್ಲೇ ಉಳಿಯಿತು. ಒಬ್ಬ ಗಂಡಸಿನ ಹಲ್ಲುಕಿರಿತಕ್ಕೆ ಉತ್ತರ ಕೊಡಲು ಹೋಗಿ ನಾನು ನನ್ನ ಗಂಡನನ್ನು ಮರೆತಿದ್ದೆ. ಪದ್ದುವಿನ ಕಾಲಿಗೆ ಒಳಗೊಳಗೇ ನಕ್ಕವರು ಈಗ ನನಗೆ ನಗುತ್ತಾರೆ ಎಂದುಕೊಂಡು ತಲೆ ತಗ್ಗಿಸಿ ಮನೆಗೆ ಬಂದೆ. ಒಲೆಯ ಮುಂದೆ ಕೂತು ನನ್ನನ್ನು ನಾನೇ ಬೈದುಕೊಂಡೆ. ಬೈಯುತ್ತಾ ಬೈಯುತ್ತಾ, "ಅವರು ಕುಡಿದಿರಲಿಲ್ಲ ಅಂತ ಒಂದು ಮಾತು ಹೇಳ್ಲಿಕ್ಕೆ ಆಗ್ಲಿಲ್ವಾ ನಿಂಗೆ" ಅಂದೆ.

ಅಂದದ್ದು ನನ್ನ ಕಿವಿಗೆ ಕೇಳಿಸಿತು.

ಮತ್ತೊಮ್ಮೆ ಹೇಳಿದೆ. ಅವರು ಕುಡಿದಿರಲಿಲ್ಲ. ಎಲ್ಲೂ ಅಂಟದೆ ಬಂತು. ಹೊಸ ಮಾತು ನಿಂತಾಗ ಹಳೆಯದು ಬೀಳುತ್ತದೆ ಎಂಬುದು ಚಿಕ್ಕ ಮಕ್ಕಳಿಗೂ ಗೊತ್ತು, ದುಃಖದಲ್ಲಿ ನನಗೆ ಹೊಳೆದಿರಲಿಲ್ಲ. ಧಣಿಯ ಮಾತು ಬಿದ್ದುಹೋಗಿತ್ತು. ಯಾರ ನಾಲಿಗೆಗೂ ಗಂಟಿಲ್ಲ! ನಾನು ಅಡುಗೆಮನೆಯಲ್ಲಿ ಒಬ್ಬಳೇ ನಿಂತು, ಹುಚ್ಚಿಯ ಹಾಗೆ, ಹತ್ತಾರು ಸಲ ಅದನ್ನೇ ಹೇಳಿದೆ. ಆಮೇಲೆ ಅತ್ತೆ. ಇನ್ನು ನನ್ನ ಮಾತು ಯಾಕೆ ಬೇಕು, ಇಡೀ ಊರೇ ಹೇಳುತ್ತದೆ ಎಂದುಕೊಂಡೆ. ಎಷ್ಟು ದಡ್ಡಿ ನಾನು!

ಮೊದಲು ಅಂಗಡಿಗೆ ಹೋದೆ. "ನಮ್ಮವರು ಕುಡಿದಿರ್ಲಿಲ್ಲ," ಅಂದೆ. ಅಂಗಡಿಯವನು ಬೆಲ್ಲ ಕಟ್ಟುತ್ತಾ, "ಹುಂ, ಎಂತದೋ," ಅಂದ. ಅಕ್ಕುಬಾಯಿ, "ಈಗ ಯಾಕೆ ಗುಲಾಬಿ ಆ ಹಳೇ ಸುದ್ದಿ, ಹೋದವರು ಹೋದ್ರು," ಅಂದಳು. ಕ್ಷೌರದ ಅಂಗಡಿಯವನು ಕತ್ತರಿಯನ್ನು ಸುಮ್ಮನೆ ಗಾಳಿಯಲ್ಲಿ ಆಡಿಸಿದ. ವರ್ಷವಿಡೀ ನನ್ನ ಕೈ ಹಿಡಿದು "ನಮಗೆ ಗೊತ್ತುಂಟು" ಅಂದವರು ಇವರು.

ಚಂದು ಮನೆಯ ಹಿಂದೆ ಬಲೆ ಹೆಣೆಯುತ್ತಿದ್ದ. ನನ್ನನ್ನು ಕಂಡು ಏಳಲಿಲ್ಲ.

"ಚಂದು, ಈಗ ಹೇಳು," ಅಂದೆ.

"ಎಂತ ಹೇಳೂದು ಅತ್ತಿಗೆ?"

"ನಿನ್ನ ನಾಲಿಗೆ ಬಿಚ್ಚಿದೆಯಲ್ಲ. ಹಲಗೆ ಕೊಳೆತಿತ್ತು ಅಂತ ಹೇಳು. ನಾಡಿದ್ದು ಹುಣ್ಣಿಮೆ. ನಿಮ್ಮಣ್ಣನ ಹೆಸರು ಕರೀಬೇಕಾದವನು ನೀನು, ಅವರ ಜೊತೆ ಇದ್ದವನು ನೀನೊಬ್ಬನೇ."

ಅವನು ಬಲೆಯ ಒಂದು ಕಣ್ಣಿಗೆ ಎರಡೆರಡು ಗಂಟು ಹಾಕಿದ. "ಹಲಗೆ ಸ್ವಲ್ಪ ಹಳೇದಾಗಿತ್ತು," ಅಂದ.

"ಕೊಳೆತಿತ್ತು!"

"ಅತ್ತಿಗೆ, ಧಣಿ ಹೊಸ ಬೋಟಿನ ಚುಕ್ಕಾಣಿ ನಂಗೆ ಕೊಟ್ಟಿದಾರೆ. ಈಗ ನಾನು ಹೆಸರು ಕರೆದ್ರೆ, ಅಣ್ಣ ಕುಡಿದಿರ್ಲಿಲ್ಲ ಅಂತ ಆಗ್ತದೆ. ಹಾಗಾದ್ರೆ ತಪ್ಪು ಯಾರದ್ದು ಅಂತ ಕೇಳ್ತಾರೆ."

"ಕೇಳ್ಲಿ."

"ನಿಮ್ಗೆ ಸುಲಭ," ಅಂದ. ಹಾಗೆಂದ! ನನಗೆ ಸುಲಭ ಎಂದ. ಆಮೇಲೆ ತಲೆ ಎತ್ತದೆ, ತೀರಾ ಸಣ್ಣ ದನಿಯಲ್ಲಿ, ಯಾರೂ ಕಟ್ಟದ ನಾಲಿಗೆಯಿಂದ, "ಅಣ್ಣ ಅವತ್ತು ಸ್ವಲ್ಪ ಕುಡಿದಿದ್ದ ಅತ್ತಿಗೆ," ಅಂದ.

ನಾನು ಅವನಿಗೆ ಹೊಡೆಯಲಿಲ್ಲ. ಹೊಡೆಯಬೇಕಾಗಿತ್ತು. ಅವನಿಗೆ ಕುಡಿಸಿದ ಚಹಾವನ್ನೆಲ್ಲ ನೆನೆದುಕೊಂಡೆ, ಹೆಚ್ಚು ಹಾಕಿದ ಸಕ್ಕರೆಯನ್ನೂ. ನಾಲಿಗೆ ಕಟ್ಟಿದಾಗ ಹೇಳಿದ ಸುಳ್ಳಿಗೆ ಅಳುತ್ತಿದ್ದವನು, ಬಿಚ್ಚಿದ ಮೇಲೆ ಹೇಳುವ ಸುಳ್ಳಿಗೆ ಬಲೆ ಹೆಣೆಯುತ್ತಾ ಕೂತಿದ್ದ. ಬಿಳಿಗಣ್ಣನದ್ದು ಏನೂ ತಪ್ಪಿಲ್ಲ ಎಂದು ನನಗೆ ಅವತ್ತು ತಿಳಿಯಿತು. ಅದು ಬರುತ್ತದೆ, ಬಂಗುಡೆ ತಿನ್ನುತ್ತದೆ, ಹೋಗುತ್ತದೆ. ಈ ಊರಿಗೆ ಒಂದು ನೆವ ಬೇಕಾಗಿತ್ತು, ಅಷ್ಟೇ.

ಹುಣ್ಣಿಮೆಯ ಬೆಳಿಗ್ಗೆ ಊರೆಲ್ಲ ದಡದಲ್ಲಿ ಸೇರಿತ್ತು. ತೆಂಗಿನಕಾಯಿ, ಹೂವು, ಹೊಸ ಅಂಗಿಗಳು. ಹೆಸರು ಕರೆಯುವ ದೋಣಿಯನ್ನು ನೀರಿಗೆ ತಳ್ಳುತ್ತಿದ್ದರು. ಚಂದು ಹಿಂದುಗಡೆ ಹುಟ್ಟು ಹಿಡಿದು ಕೂತಿದ್ದ. ಆ ದೋಣಿಯನ್ನು ಹೆಂಗಸರು ಹತ್ತುವ ಪದ್ಧತಿ ಇಲ್ಲ. ನಾನು ಸೀರೆ ಎತ್ತಿ ಕಟ್ಟಿ, ಮೊಣಕಾಲು ನೀರಿಗಿಳಿದು, ಅಂಚು ಹಿಡಿದು ಹತ್ತಿದೆ.

"ಏ, ಏ, ಇಳಿ ಮಾರಾಯ್ತಿ!" ಸಂಜೀವಜ್ಜ ಕೋಲೂರಿಕೊಂಡು ನೀರಿನವರೆಗೆ ಬಂದರು. "ಇದಕ್ಕೆ ಹೆಣ್ಣು ಬಂದ್ರೆ..." ಅಷ್ಟಕ್ಕೆ ನಿಂತರು. ಅವರ ಗದ್ದ ಅಲುಗಿತು. ಹಿಂದೆ ನಿಂತಿದ್ದ ಧಣಿಯ ಕಡೆ ನೋಡಿದರು. ಧಣಿಯ ಬಾಯಿಯೂ ತೆರೆದಿತ್ತು. "ಹೆಣ್ಣು ಬಂದ್ರೂ ಬಂದ ಹಾಗೇ," ಎಂದು ಮುದುಕರು ಮೆಲ್ಲಗೆ ಮುಗಿಸಿ ಹಿಂದೆ ಸರಿದರು. ನನಗೆ ನಗು ಬರಬೇಕಾಗಿತ್ತು, ಬರಲಿಲ್ಲ.

ಅಲೆ ದಾಟಿದೆವು. ಚಂದು ನನ್ನ ಮುಖ ನೋಡಲಿಲ್ಲ. ಮೊದಲು ಬೇರೆಯವರ ಸರದಿ. ಆ ವರ್ಷ ಗಾಳ ಹಾಕಲು ಹೋಗಿ ಜಾರಿಬಿದ್ದ ಮುದುಕನೊಬ್ಬನ ಹೆಸರನ್ನು ಅವನ ಜೊತೆ ಗಾಳ ಹಾಕುತ್ತಿದ್ದ ತಮ್ಮ ಕರೆದ. ದಡದಿಂದ "ಓ" ಎಂದು ಊರೆಲ್ಲ ಒಂದೇ ದನಿಯಲ್ಲಿ ಅಂದಿತು. ಎಷ್ಟು ಚೆಂದದ ಓ! ತಮ್ಮ ಮುಖ ಮುಚ್ಚಿಕೊಂಡು ಅತ್ತ.

ನಾನು ಎದ್ದು ನಿಂತೆ. ದೋಣಿ ತೂಗಿತು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದು ಹೆಂಡತಿಗೆ ಸಲ್ಲದು ಎನ್ನುವರು, ಅದಕ್ಕೂ ಬೆಂಕಿ ಬೀಳಲಿ ಎಂದುಕೊಂಡೆ.

"ಶೀನಾ!" ಎಂದು ಕರೆದೆ.

ದಡದಲ್ಲಿ ಇನ್ನೂರು ಮುನ್ನೂರು ಜನ ನಿಂತಿದ್ದರು. ಒಬ್ಬರೂ ಓ ಎನ್ನಲಿಲ್ಲ. ಕೇಳಿಸಲಿಲ್ಲವೇನೋ ಎಂದು ಎರಡೂ ಕೈ ಬಾಯಿಗೆ ಹಿಡಿದು ಮತ್ತೆ ಕರೆದೆ. ಕೆಲವರು ಕಾಯಿ ಒಡೆಯಲು ಬಗ್ಗಿದರು. ಅಕ್ಕುಬಾಯಿ ಸೆರಗು ಸರಿಮಾಡಿಕೊಂಡಳು. "ಚಂದು, ನೀನಾದ್ರೂ ಓ ಅನ್ನು," ಅಂದೆ. ಅವನು ಹುಟ್ಟನ್ನು ನೀರಿಗಿಳಿಸಿ ದೋಣಿಯನ್ನು ದಡದ ಕಡೆ ತಿರುಗಿಸತೊಡಗಿದ. ನಾನು ದಡಕ್ಕೆ ಬೆನ್ನು ಹಾಕಿ, ಅಳಿವೆಯ ಕಡೆ ಮುಖ ಮಾಡಿ, ಗಂಟಲು ಬಿರಿಯುವ ಹಾಗೆ ಮೂರನೆಯ ಸಲ ಕರೆದೆ. ಕರೆದು ಕಿವಿಗೊಟ್ಟೆ. ದಡದ ಮಾತುಗಳು ನೀರಿನ ಮೇಲೆ ಸ್ಪಷ್ಟವಾಗಿ ಕೇಳಿಬರುತ್ತಿದ್ದವು. ಎಲ್ಲರ ನಾಲಿಗೆಯೂ ಚೆನ್ನಾಗಿಯೇ ಹೊರಳುತ್ತಿತ್ತು. ಈ ಸಲ ಬಂಗುಡೆಗೆ ಒಳ್ಳೆಯ ದರ ಸಿಗುತ್ತದೆ ಎಂದು ಮಾತಾಡಿಕೊಳ್ಳುತ್ತಿದ್ದರು.